ಯತಿಗಳ ಮೆಟ್ಟಿಲಲ್ಲಿ ರುದ್ರಸ್ವಾಮಿ

ಅಗ್ರಹಾರದ ಚಂದ್ರಮತಿಯವರ ಬಗ್ಗೆ ಹೇಳಬೇಕೆಂದರೆ ಮೊದಲು ಅವರ ಮನೆಯ ದಸರಾ ಗೊಂಬೆಗಳ ಬಗ್ಗೆ ಹೇಳಬೇಕು. ಗೊಂಬೆಗಳ ಬಗ್ಗೆ ಹೇಳಬೇಕೆಂದರೆ ಅವರ ತಮ್ಮನ ಬಗ್ಗೆ ಹೇಳಬೇಕು. ತಮ್ಮನ ಸುದ್ದಿ ಎತ್ತಿದರೋ, ಅವರ ಯಜಮಾನರು ಅಡ್ಡ ಬಂದು ಕೂರುತ್ತಾರೆ. ಕೂರುವುದೇ ಅವರ ಉದ್ಯೋಗ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಅಶ್ವತ್ಥರು ಜಗಲಿಯ ಮೇಲೆ ಕೂತು ವಾದ ಮಾಡುವುದು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಹಾಗಂತ ಸೋಮಾರಿ ಅನ್ನುವ ಹಾಗಿಲ್ಲ. ಬೆಳಿಗ್ಗೆ ಪೇಪರ್ ಬಂದಾಗಿನಿಂದ ದೀಪ ಹಚ್ಚುವವರೆಗೆ ಮೈ ಮುರಿದು ವಾದಿಸುತ್ತಾರೆ, ಪಾಪ.

ಚಂದ್ರಮತಿಯವರ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು. ಆ ವೈಭವದಲ್ಲಿ ಕೊನೆಗೆ ಉಳಿದದ್ದು ಪಟ್ಟದ ಗೊಂಬೆಗಳ ಒಂದು ಜೋಡಿ: ಮರದ ರಾಜ, ಮರದ ರಾಣಿ. ಮದುವೆಯಲ್ಲಿ ತಾಯಿ ಅದನ್ನು ಮಗಳ ಮಡಿಲಿಗೆ ಹಾಕಿ ಒಂದು ಕಟ್ಟಳೆ ಮಾಡಿ ಕಳಿಸಿದ್ದರು. ನವರಾತ್ರಿಯ ಮೊದಲ ದಿನ ರಾಜನನ್ನು ತಮ್ಮ ಕೂರಿಸಬೇಕು, ರಾಣಿಯನ್ನು ಅಕ್ಕ ಕೂರಿಸಬೇಕು. ವಿಜಯದಶಮಿ ಸಂಜೆ ಆರತಿಯಾದ ಮೇಲೆ ರಾಜನನ್ನು ಅವನೇ ಮಲಗಿಸಬೇಕು, ರಾಣಿಯನ್ನು ಇವಳೇ ಮಲಗಿಸಬೇಕು. ಯಾಕಮ್ಮ ಅಂತ ಕೇಳಿದ್ದಕ್ಕೆ, "ಈ ನೆಪದಲ್ಲಾದ್ರೂ ನಿನ್ನ ತವರು ವರ್ಷಕ್ಕೆರಡು ಸಲ ನಿನ್ನ ಹೊಸ್ತಿಲು ದಾಟಲಿ" ಅಂದಿದ್ದರು. ತಾಯಿ ಹೋದ ಮೇಲೆ ತವರು ಅಂತ ಉಳಿದವನು ಲಕ್ಷ್ಮೀಪುರಂನಲ್ಲಿರುವ ಈ ವಸಿಷ್ಠ ಒಬ್ಬನೇ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದವನು, ಹೆಂಡತಿ ಇಲ್ಲ, ಮೇಷ್ಟ್ರ ಗತ್ತು ಮಾತ್ರ ಇದೆ. ಆದರೆ ಗೊಂಬೆಯ ವಿಷಯದಲ್ಲಿ ಒಂದು ವರ್ಷವೂ ತಪ್ಪಿದವನಲ್ಲ. ಜ್ವರ ಬಂದ ವರ್ಷ ಕಂಬಳಿ ಹೊದ್ದು ಆಟೋದಲ್ಲಿ ಬಂದು, ರಾಜನನ್ನು ಕೂರಿಸಿ, ಮೆಣಸಿನ ಸಾರು ಕುಡಿದು ಹೋಗಿದ್ದ. ಚಂದ್ರಮತಿಯವರಿಗೆ ಹಬ್ಬ ಅಂದರೆ ಅದೇ.

ಇನ್ನು ಭಾವ ಭಾವಮೈದ ಇಬ್ಬರ ವಾದ ಏನು ಅಂತ ಕೇಳುತ್ತೀರಿ. ಸಂಪ್ರದಾಯ ಬೇಕೋ ಬೇಡವೋ ಅಂತಲ್ಲ. ಇಬ್ಬರಿಗೂ ಬೇಕು, ಇಬ್ಬರೂ ಅದನ್ನು ಅರೆದು ಕುಡಿದವರೇ. ಅವರ ತಕರಾರೆಲ್ಲ ರುದ್ರಸ್ವಾಮಿಯವರಿಗೆ ಅದು ನಿಜವಾಗಿ ಬೇಕೋ ಬೇಡವೋ ಅನ್ನುವುದರ ಮೇಲೆ.

ರುದ್ರಸ್ವಾಮಿಯವರು ಈ ಕಡೆಯ ರಾಜಕೀಯ ನಾಯಕರು. ಎರಡು ಚುನಾವಣೆ ಸೋತಿದ್ದರೂ ಎರಡು ಚಳವಳಿಯಿಂದ ಹೆಸರಾದವರು. ಮದುವೆ ಮನೆಗಳಲ್ಲಿ ತಟ್ಟೆ ಹಿಡಿದು ನಿಂತು ತಿನ್ನುವ ಪದ್ಧತಿಯ ವಿರುದ್ಧ 'ಕೂತು ಉಣ್ಣೋಣ' ಅಂತ ಒಂದು. ಹುಟ್ಟುಹಬ್ಬಕ್ಕೆ ಮೇಣದಬತ್ತಿ ಊದುವುದರ ವಿರುದ್ಧ, ದೀಪ ಹಚ್ಚುವ ನಾಡಿನಲ್ಲಿ ದೀಪ ಆರಿಸುತ್ತೀರಲ್ಲ ಅಂತ ಇನ್ನೊಂದು. ಅವರ ಭಾಷಣ ಕೇಳಿ ಬಂದ ದಿನದಿಂದ ಅಶ್ವತ್ಥರು ನಿಂತು ನೀರು ಕೂಡ ಕುಡಿದಿಲ್ಲ. ನೆಂಟರ ಆರತಕ್ಷತೆಯೊಂದರಲ್ಲಿ ಕುರ್ಚಿ ಸಿಗದೆ, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂತು ಪಲಾವು ತಿಂದು ಬಂದಿದ್ದರು. "ಅಂಥ ಮನುಷ್ಯ ಇನ್ನೊಬ್ಬ ಹುಟ್ಟಲ್ಲ" ಅಂತ ಇವರು ಅಂದರೆ, "ಆತ ಸಂಪ್ರದಾಯವಾದಿ ಅಲ್ಲ ಭಾವ, ಸಂಪ್ರದಾಯದ ವ್ಯಾಪಾರಿ" ಅಂತ ವಸಿಷ್ಠ. ಇಷ್ಟು ದಿನ ಅದು ಜಗಲಿಯ ಮೇಲಿನ ಮಾತಾಗಿತ್ತು. ಈ ವರ್ಷ ಒಳಗೆ ಬಂತು.

ಬಂದದ್ದು ಹೀಗೆ. ನವರಾತ್ರಿಗೆ ಮುಂಚೆ ಅಶ್ವತ್ಥರು ಪೇಪರಿನಲ್ಲಿ ಸುತ್ತಿದ ಒಂದು ಮಣ್ಣಿನ ಗೊಂಬೆ ತಂದರು. ಗೇಣುದ್ದದ ರುದ್ರಸ್ವಾಮಿ, ಪಂಚೆ, ಶಲ್ಯ, ಜೋಡಿಸಿದ ಕೈ. ಎಲ್ಲ ಸರಿಯಾಗಿತ್ತು, ಕಣ್ಣು ಮಾತ್ರ ಬಣ್ಣ ಬಳಿದವನು ಯಾಕೋ ಓರೆ ಮಾಡಿಬಿಟ್ಟಿದ್ದ. ಯಾವ ಮೆಟ್ಟಿಲ ಮೇಲೆ ಇಟ್ಟರೂ ಪಕ್ಕದ ಮೆಟ್ಟಿಲನ್ನೇ ನೋಡುವಂತಿತ್ತು. ಮೊದಲ ದಿನ ವಸಿಷ್ಠ ರಾಜನನ್ನು, ಚಂದ್ರಮತಿಯವರು ರಾಣಿಯನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು. ಅದರ ಕೆಳಗೆ ದಶಾವತಾರ, ಅದರ ಕೆಳಗೆ ಯತಿಗಳು, ದಾಸರು. ಆಮೇಲೆ ಮದುವೆ ಮೆರವಣಿಗೆ, ಬ್ಯಾಂಡ್ ಸೆಟ್ಟು, ಎಲ್ಲಕ್ಕಿಂತ ಕೆಳಗೆ ಬೇಳೆಕಾಳು ಹರವಿಕೊಂಡ ಶೆಟ್ಟಿ ಶೆಟ್ಟಮ್ಮ. ವಸಿಷ್ಠ ಉಪ್ಪಿಟ್ಟು ತಿನ್ನಲು ಅಡುಗೆಮನೆಗೆ ಹೋದದ್ದೇ ತಡ, ಅಶ್ವತ್ಥರು ರುದ್ರಸ್ವಾಮಿಯವರನ್ನು ಯತಿಗಳ ಸಾಲಿನಲ್ಲಿ ನಿಲ್ಲಿಸಿಬಿಟ್ಟರು.

ಕೈ ತೊಳೆದು ಬಂದ ವಸಿಷ್ಠ ನೋಡಿದ. "ಇದೇನು ಭಾವ, ಯತಿಗಳ ಜೊತೆ ಇವನು?"

"ಸಂಪ್ರದಾಯ ಉಳಿಸಿದೋರು ಇನ್ನೆಲ್ಲಿ ಇರಬೇಕಯ್ಯಾ?"

"ಶೆಟ್ಟಿ ಪಕ್ಕ. ತಕ್ಕಡಿ ಹಿಡ್ಕೊಳ್ಳಲಿ."

ಹಾಗೆ ಹೇಳಿ ಗೊಂಬೆಯನ್ನು ಎತ್ತಿ ಶೆಟ್ಟಿಯ ಪಕ್ಕ ಇಟ್ಟು ಹೋದ. ಸಂಜೆಗೆ ಅದು ಮತ್ತೆ ಯತಿಗಳ ಸಾಲಿಗೆ ಏರಿತ್ತು. ಮರುದಿನ ಯಾವುದೋ ಮಠದಲ್ಲಿ ರುದ್ರಸ್ವಾಮಿಯವರು ನೆಲದ ಮೇಲೆ ಕೂತು ಊಟ ಮಾಡಿದ ಫೋಟೋ ಬಂತು, ಅಶ್ವತ್ಥರು ಗೆದ್ದರು. ಅದರ ಮಾರನೆಯ ದಿನ ಅವರ ಪಂಚೆ ಅಂಟಿಸಿಕೊಳ್ಳುವ ರೆಡಿಮೇಡ್ ಪಂಚೆ ಅಂತ ಸುದ್ದಿ ಹಬ್ಬಿತು, ಗೊಂಬೆ ಬ್ಯಾಂಡ್ ಸೆಟ್ಟಿನವರೆಗೆ ಇಳಿಯಿತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಹೊಸ್ತಿಲಲ್ಲೇ ನಿಲ್ಲಬೇಕಾಯಿತು, ಏಕೆಂದರೆ ನಡುಮನೆಯ ತುಂಬ ವಾದಕ್ಕೆ ಸೇರಿದ ಬೀದಿಯ ಗಂಡಸರು, ಒಬ್ಬೊಬ್ಬರದು ಒಂದೊಂದು ಮೆಟ್ಟಿಲು. ಇಡೀ ವರ್ಷದಲ್ಲಿ ಒಂಬತ್ತು ದಿನ ನಡುಮನೆ ಹೆಂಗಸರದ್ದು. ಅದಕ್ಕೂ ಕಲ್ಲು ಹಾಕಿದರು ನೋಡಿ.

"ಏನೂಂದ್ರೆ, ಕೂರಿಸಿದ ಗೊಂಬೆ ಕದಲಿಸಬಾರದು" ಅಂತ ಚಂದ್ರಮತಿಯವರು ಹೇಳಿದರು. ಇದು ಅವರ ಅಜ್ಜಿಯ ಕಾಲದ ಮಾತು, ಮಕ್ಕಳಿಗೂ ಗೊತ್ತಿರುವ ನಿಯಮ.

"ಅದು ಕೂರಿಸಿದ ಗೊಂಬೆಗೆ ಕಣೇ ಚಂದ್ರಾ" ಅಂದರು ಅಶ್ವತ್ಥರು. "ಇವರನ್ನ ಇನ್ನೂ ಕೂರಿಸಿಲ್ಲ. ಇವರ ವಿಷಯ ಪರಿಶೀಲನೇಲಿದೆ."

"ನಿಂತಿರೋ ಗೊಂಬೆ ಅಕ್ಕ, ಕೂತೇ ಇಲ್ಲ" ಅಂತ ವಸಿಷ್ಠನೂ ದನಿಗೂಡಿಸಿದ. ಇಬ್ಬರೂ ಒಪ್ಪಿದ ಮಾತು ಅದೊಂದೇ.

ದಿನಾ ಹೂವು ಕೊಡುವ ಪುಟ್ಟಲಿಂಗಮ್ಮ ಮೊಳ ಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಂಡು, "ನಮ್ ಬೀದಿ ಮೋರಿ ಮೇಲೆ ಒಂದು ಚಪ್ಪಡಿ ಆಕ್ಸಿದ್ರೆ ಯಾವ್ ಮೆಟ್ಲಲ್ಲಾದ್ರೂ ನಿಂತ್ಕಳ್ಳಿ ಬುಡಿ ಕಣವ್ವ" ಅಂದು ಬುಟ್ಟಿ ಎತ್ತಿಕೊಂಡು ಹೋದಳು. ಆ ಮಾತು ಚರ್ಚೆಗೆ ಬರಲಿಲ್ಲ.

ಪಂಚಮಿಯ ಹೊತ್ತಿಗೆ ಗೊಂಬೆ ಮತ್ತೆ ಯತಿಗಳ ಸಾಲಿನಲ್ಲಿತ್ತು. ಆ ದಿನ ವಿಡಿಯೋ ಬಂತು. ಯಾರೋ ಕಾರ್ಯಕರ್ತನ ಮನೆ, ಮೇಜಿನ ಮೇಲೆ ಕೇಕು, ಕೇಕಿನ ಮೇಲೆ ಬತ್ತಿ. ರುದ್ರಸ್ವಾಮಿಯವರು ಬಗ್ಗುತ್ತಾರೆ, ತುಟಿ ಮುಂದೆ ಬರುತ್ತದೆ, ಬತ್ತಿ ಆರುತ್ತದೆ, ಸುತ್ತ ಇದ್ದವರು ಚಪ್ಪಾಳೆ ತಟ್ಟುತ್ತಾರೆ. ವಸಿಷ್ಠ ಮೊಬೈಲನ್ನು ಭಾವನ ಮೂಗಿಗೆ ಹಿಡಿದ. ಅಶ್ವತ್ಥರು ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ನೋಡಿದರು, ಆಮೇಲೆ ತೀರ್ಪು ಕೊಟ್ಟರು.

"ಇದು ಊದಿದ್ದಲ್ಲ. ನಿಟ್ಟುಸಿರು."

"ನಿಟ್ಟುಸಿರಾ?"

"ಕೇಕು ನೋಡಿ ಬೇಜಾರಾಗಿದೆ ಅವರಿಗೆ. ಎಂಥಾ ಕಾಲ ಬಂತಪ್ಪಾ ಅಂತ ಉಸಿರುಬಿಟ್ಟಿದ್ದಾರೆ. ಬತ್ತಿ ಆರಿದ್ದು ಆಕಸ್ಮಿಕ."

ಸರಿ, ಪರೀಕ್ಷೆ ಆಗೇಬೇಕು ಅಂತ ನಿರ್ಧಾರವಾಯಿತು. ಗೊಂಬೆಗಳ ಮುಂದಿನ ದೀಪ ಮುಟ್ಟಬೇಡಿ ಅಂತ ಚಂದ್ರಮತಿಯವರು ಗದರಿದ್ದಕ್ಕೆ, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ ತಂದರು. ಅಶ್ವತ್ಥರು ಅದರ ಮುಂದೆ ಕೂತು ನಿಟ್ಟುಸಿರು ಬಿಟ್ಟರು. ಆರಲಿಲ್ಲ. ಇನ್ನೂ ದುಃಖದಿಂದ ಬಿಟ್ಟರು. ಆರಲಿಲ್ಲ. ಮನಸ್ಸಿನಲ್ಲಿ ನಿಜವಾದ ಬೇಜಾರು ಬರಲಿ ಅಂತ ತಮ್ಮ ಪಿಂಚಣಿ ನೆನೆಸಿಕೊಂಡು ಹತ್ತಿರ ಬಗ್ಗಿ ಉಸಿರುಬಿಟ್ಟಾಗ ಮೀಸೆಯ ಒಂದು ಕೊನೆ ಚರ್ರೆಂದಿತು. ನೆರೆದಿದ್ದವರು ನಕ್ಕರು. ವಸಿಷ್ಠ ಎಲ್ಲರಿಗಿಂತ ಹೆಚ್ಚು ನಕ್ಕ, ಅಲ್ಲೇ ಕೆಟ್ಟಿತು.

"ನಗ್ತೀಯಾ? ಸಂಪ್ರದಾಯದ ಬಗ್ಗೆ ಮಾತಾಡೋಕೆ ನಿನಗೇನಿದೆ ಯೋಗ್ಯತೆ? ಹೊರಗಿಂದ ಬಂದು ಕಾಲು ತೊಳೀದೆ ಕಾಫಿಗೆ ಕೈ ಚಾಚೋನು ನೀನು."

ವಸಿಷ್ಠ ಎದ್ದ. ಮುಖ ಕೆಂಪಗಾಗಿತ್ತು. "ಆಯ್ತು ಭಾವ. ಆ ಗೊಂಬೆ ಯತಿಗಳ ಮೆಟ್ಟಿಲು ಬಿಟ್ಟು ಇಳಿಯೋವರೆಗೂ ಈ ಹೊಸ್ತಿಲು ತುಳಿಯಲ್ಲ."

"ಇಳಿದ ದಿನ ನಾನು ಈ ಮನೇಲಿ ಎಲೆ ಹಾಕಿಸ್ಕೊಳ್ಳಲ್ಲ, ತಿಳ್ಕೊ."

ಚಂದ್ರಮತಿಯವರು ಅಡುಗೆಮನೆಯಿಂದ ತಮ್ಮನ ಲೋಟ ಹಿಡಿದು ಬರುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ. ಕಾಫಿ ಹಾಗೇ ಉಳಿಯಿತು. ಅವರು ಆ ಕ್ಷಣ ಯೋಚಿಸಿದ್ದು ರುದ್ರಸ್ವಾಮಿಯ ಬಗ್ಗೆಯೂ ಅಲ್ಲ, ಉಸಿರಿನ ಬಗ್ಗೆಯೂ ಅಲ್ಲ. ವಿಜಯದಶಮಿಗೆ ಇವನು ಬರದಿದ್ದರೆ ರಾಜನನ್ನು ಯಾರು ಮಲಗಿಸುತ್ತಾರೆ? ಅಲ್ಲೇ ಮಣೆ ಎಳೆದುಕೊಂಡು ಕೂತರು.

ಮೊದಲು ಅವರು ಉಪಾಯ ಹುಡುಕಿದರು. ಅಕ್ಕಿ ಅಳೆಯುವ ಪಾವನ್ನು ಯತಿಗಳ ಕೆಳಗಿನ ಮೆಟ್ಟಿಲಲ್ಲಿ ಬೋರಲು ಹಾಕಿ, ಅದರ ಮೇಲೆ ರುದ್ರಸ್ವಾಮಿಯವರನ್ನು ನಿಲ್ಲಿಸಿದರು. ಈಗ ಅವರು ಮೇಲಿನ ಮೆಟ್ಟಿಲಲ್ಲೂ ಇಲ್ಲ, ಕೆಳಗಿನ ಮೆಟ್ಟಿಲಲ್ಲೂ ಇಲ್ಲ. ಅಶ್ವತ್ಥರು ನೋಡಿ, "ಏನೇ ಇದು, ದೊಡ್ಡ ಮನುಷ್ಯರನ್ನ ತ್ರಿಶಂಕು ಮಾಡಿದ್ದೀಯಲ್ಲ" ಅಂದು ಮತ್ತೆ ಮೇಲೆ ಹತ್ತಿಸಿದರು. ಆಮೇಲೆ ಸರಸ್ವತಿ ಪೂಜೆಯ ಮಧ್ಯಾಹ್ನ, ಚಕ್ಕುಲಿ ಡಬ್ಬ ಹಿಡಿದು ಲಕ್ಷ್ಮೀಪುರಂಗೆ ನಡೆದೇ ಹೋದರು. ವಸಿಷ್ಠ ಚಕ್ಕುಲಿ ತಿಂದ. ಚೆನ್ನಾಗಿದೆ ಅಂದ. ಬರೋ ಅಂದರೆ ಮಾತ್ರ ತಲೆಯಾಡಿಸಿದ.

"ನಿನ್ನ ಮೇಲೆ ಬೇಜಾರಿಲ್ಲ ಅಕ್ಕ. ಇದು ತತ್ವದ ಪ್ರಶ್ನೆ."

"ಅಮ್ಮನ ರಾಜ ಕಣೋ. ನಿನ್ನ ದಾರಿ ಕಾಯ್ತಾನೆ."

"ತತ್ವ ಬಿಟ್ಟು ಬಂದರೆ ಅಮ್ಮನೇ ಮೆಚ್ಚಲ್ಲ."

ಅಮ್ಮ ಏನು ಮೆಚ್ಚುತ್ತಿದ್ದಳು ಅನ್ನುವುದು ತನಗಿಂತ ಇವನಿಗೆ ಹೆಚ್ಚು ಗೊತ್ತೇ ಅನ್ನಿಸಿತು ಚಂದ್ರಮತಿಯವರಿಗೆ. ಖಾಲಿ ಡಬ್ಬ ತೆಗೆದುಕೊಂಡು ವಾಪಸ್ಸು ಬಂದರು.

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ಎದುರು ಮನೆಯ ಸಿಂಚನ ಅನ್ನುವ ಕಾಲೇಜು ಹುಡುಗಿ ಗೊಂಬೆ ನೋಡಲು ಬಂದವಳು, ಅಶ್ವತ್ಥರ ಸುಟ್ಟ ಮೀಸೆ ಸಮೇತ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು 'ರುದ್ರಸ್ವಾಮಿ ಯಾವ ಮೆಟ್ಟಿಲಿಗೆ?' ಅಂತ ಹಾಕಿದಳು. ಊರೆಲ್ಲ ನೋಡಿತು. ಹೆಬ್ಬಾಳದ ಕಾರ್ಖಾನೆಗಳಿಗೆ ಹೋಗುವ ಶಿಫ್ಟಿನ ಬಸ್ಸಿನಲ್ಲಿ ಕೂಡ ಅದೇ ಮಾತಂತೆ. ಕೊನೆಗೆ ರುದ್ರಸ್ವಾಮಿಯವರ ಕಚೇರಿಯಿಂದಲೇ ಫೋನು ಬಂತು: ಆಯುಧಪೂಜೆಯ ದಿನ ಸಾಹೇಬರು ಸ್ವತಃ ಬರುತ್ತಾರೆ, ಗೊಂಬೆ ನೋಡುತ್ತಾರೆ, ಪ್ರಸಾದ ಸ್ವೀಕರಿಸುತ್ತಾರೆ.

ಅಶ್ವತ್ಥರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಶ್ಚರ್ಯವೆಂದರೆ ಚಂದ್ರಮತಿಯವರಿಗೂ ಖುಷಿಯಾಯಿತು. ಅವರ ಲೆಕ್ಕ ಬೇರೆ. ನಾಯಕರು ಬಂದು, ಯತಿಗಳ ಸಾಲು ನೋಡಿ, ಛೆ ಛೆ, ನಾನೆಲ್ಲಿ ಅವರೆಲ್ಲಿ ಅಂತ ತಾವೇ ಒಂದು ಮೆಟ್ಟಿಲು ಇಳಿದರೆ ಸಾಕು. ಯಜಮಾನರಿಗೆ ಅವಮಾನವಿಲ್ಲ, ತಮ್ಮನ ಶಪಥವೂ ತೀರುತ್ತದೆ, ಮರುದಿನ ಸಂಜೆ ಅವನು ಬರುತ್ತಾನೆ. ದೊಡ್ಡವರಿಗೆ ಅಷ್ಟು ವಿನಯ ಇರುವುದಿಲ್ಲವೇ? ಸಂಪ್ರದಾಯಸ್ಥರು ಬೇರೆ. ಆ ನಂಬಿಕೆಯಲ್ಲಿ ಅವರು ಕೋಸಂಬರಿ ಮಾಡಿದರು, ಹಯಗ್ರೀವ ಮಾಡಿದರು, ನಡುಮನೆಯಲ್ಲಿ ಮಣೆ ಹಾಕಿ ಎಲೆ ಹಾಸಿ ರಂಗೋಲಿ ಎಳೆದರು.

ಆಯುಧಪೂಜೆಯ ದಿನ ನಿಂಬೆಹಣ್ಣು ತುಳಿದು ಬಂದ ನಾಲ್ಕು ಕಾರುಗಳು ಬೀದಿಯ ಬಾಯಿ ಕಟ್ಟಿದವು. ಕ್ಯಾಮೆರಾದವರು ಮೊದಲು ನುಗ್ಗಿದರು, ಆಮೇಲೆ ಶಲ್ಯದವರು, ಆಮೇಲೆ ರುದ್ರಸ್ವಾಮಿಯವರು. ಅವರ ಹಿಂದೆ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ತಲೆ ಬಾಚಿಕೊಂಡು, ಜನರ ಮೊಣಕೈ ತಪ್ಪಿಸಿಕೊಳ್ಳುತ್ತ, ವಸಿಷ್ಠ.

ಚಂದ್ರಮತಿಯವರ ಕಣ್ಣು ತುಂಬಿ ಬಂತು. ಗೊಂಬೆ ಇನ್ನೂ ಯತಿಗಳ ಮೆಟ್ಟಿಲಲ್ಲೇ ಇದೆ, ಆದರೂ ಬಂದಿದ್ದಾನೆ, ನನಗೋಸ್ಕರ ಹಟ ಬಿಟ್ಟು ಬಂದಿದ್ದಾನೆ ಅಂದುಕೊಂಡರು. "ಬಾರೋ" ಅಂತ ಕೈ ಚಾಚಿದರು. ವಸಿಷ್ಠ ಅಕ್ಕನ ಭುಜದ ಮೇಲಿಂದ ಕ್ಯಾಮೆರಾ ಎಲ್ಲಿದೆ ಅಂತ ನೋಡುತ್ತಿದ್ದ.

ರುದ್ರಸ್ವಾಮಿಯವರು ಮೆಟ್ಟಿಲುಗಳ ಮುಂದೆ ನಿಂತರು. ತಮ್ಮನ್ನು ತಾವೇ ಹುಡುಕಿ, ಕಂಡು, ನಕ್ಕರು. "ಏನಮ್ಮಾ, ಇಷ್ಟು ಕೆಳಗೆ ನಿಲ್ಲಿಸಿಬಿಟ್ಟಿದ್ದೀರಲ್ಲ ನನ್ನನ್ನ?"

ಅಂದವರೇ ಗೊಂಬೆಯನ್ನು ಎತ್ತಿಕೊಂಡರು. ದಶಾವತಾರ ದಾಟಿಸಿ ಮೇಲಿನ ಮೆಟ್ಟಿಲಿಗೆ ಕೈ ಚಾಚಿದರು. ರಾಜ, ರಾಣಿ, ಕಳಶ ತುಂಬಿಕೊಂಡು ಅಲ್ಲಿ ಜಾಗವಿರಲಿಲ್ಲ. ಕಳಶ ಸರಿಸುವುದು ಚೆನ್ನಾಗಿರುವುದಿಲ್ಲ ಅಂತ ಅವರಿಗೂ ಅನ್ನಿಸಿರಬೇಕು, ರಾಣಿಯನ್ನು ತೆಗೆದರು.

"ಅದನ್ನ ಕದಲಿಸಬಾರದು ಸ್ವಾಮಿ" ಅಂದರು ಚಂದ್ರಮತಿ. ದನಿ ಅವರಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ಕೂರಿಸಿದ ಗೊಂಬೆ ವಿಜಯದಶಮಿವರೆಗೂ ಕದಲಿಸೋ ಪದ್ಧತಿ ಇಲ್ಲ."

"ಕಾಲ ಬದಲಾಗಿದೆ ತಾಯಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು" ಅಂದರು ಸಂಪ್ರದಾಯದ ನಾಯಕರು. ಪಕ್ಕದಲ್ಲಿ ಯಾರು ಸಿಕ್ಕರೋ ಅವರ ಕೈಗೆ ರಾಣಿಯನ್ನು ಕೊಟ್ಟು, "ಇದನ್ನ ಒಂಚೂರು ಹಿಡ್ಕೊಳ್ಳಿ" ಅಂದರು.

ಸಿಕ್ಕವನು ವಸಿಷ್ಠ. ಹೂಂ ಸಾರ್ ಅಂದ. ತಾಯಿಯ ರಾಣಿಯನ್ನು ಕೊಡೆಯ ಹಾಗೆ ಕಂಕುಳಲ್ಲಿ ಅವುಚಿಕೊಂಡು ಹಲ್ಲು ಕಾಣುವ ಹಾಗೆ ನಕ್ಕ. ಆ ಕಡೆ ಅಶ್ವತ್ಥರು, ಈ ಕಡೆ ವಸಿಷ್ಠ, ನಡುವೆ ನಾಯಕರು, ಮೇಲೆ ರಾಜನ ಪಕ್ಕ ಓರೆಗಣ್ಣಿನ ರುದ್ರಸ್ವಾಮಿ. ಫೋಟೋ ಆಯಿತು. ಮಣೆ, ಎಲೆ, ರಂಗೋಲಿ ಎಲ್ಲ ಇದ್ದ ಹಾಗೇ ಇತ್ತು. ಟೈಮಿಲ್ಲ ಅಂತ ನಾಯಕರು ಕೋಸಂಬರಿಯನ್ನು ನಿಂತೇ ಬಾಯಿಗೆ ಹಾಕಿಕೊಂಡು, ಕೈಯನ್ನು ಯಾರದೋ ಶಲ್ಯಕ್ಕೆ ಒರೆಸಿ ಹೊರಟರು. ಚಂದ್ರಮತಿಯವರು ತಮ್ಮನ ಕಂಕುಳಿನಿಂದ ರಾಣಿಯನ್ನು ತೆಗೆದುಕೊಂಡು ದಶಾವತಾರದ ಸಾಲಿನ ತುದಿಯಲ್ಲಿ ಕೂರಿಸಿದರು. ಅವನಿಗೆ ಗೊತ್ತೂ ಆಗಲಿಲ್ಲ, ಕಾರಿನ ಕಡೆ ಕೈ ಬೀಸುತ್ತಿದ್ದ.

ಇಷ್ಟೆಲ್ಲ ಆದ ಮೇಲೆ ವಾದ ತೀರಿತು ಅಂದುಕೊಂಡಿರಾ? ವಿಜಯದಶಮಿಯ ಮಧ್ಯಾಹ್ನವೇ ವಸಿಷ್ಠ ಹಾಜರ್. ಮೊದಲು ಶಪಥದ ವಿಷಯ ಇತ್ಯರ್ಥವಾಯಿತು. ಗೊಂಬೆ ಯತಿಗಳ ಮೆಟ್ಟಿಲು ಬಿಟ್ಟಿದೆ, ಆದ್ದರಿಂದ ವಸಿಷ್ಠ ಒಳಗೆ ಬರಬಹುದು. ಆದರೆ ಅದು ಇಳಿದಿಲ್ಲ, ಹತ್ತಿದೆ, ಆದ್ದರಿಂದ ಅಶ್ವತ್ಥರು ಊಟ ಮಾಡಬಹುದು. ಇಬ್ಬರ ಮಾನವೂ ಉಳಿಯಿತು ಅಂತ ಪರಸ್ಪರ ಬೆನ್ನು ತಟ್ಟಿಕೊಂಡು, ಎರಡು ಸಲ ಪಾಯಸ ಹಾಕಿಸಿಕೊಂಡು, ಜಗಲಿಗೆ ಹೋಗಿ ಕೂತರು.

"ನಿಂತು ತಿಂದ, ಕಾಲ ಬದಲಾಗಿದೆ ಅಂದ. ಇನ್ನೇನು ಸಾಕ್ಷಿ ಬೇಕು ಭಾವ?"

"ಅಯ್ಯೋ ಪೆದ್ದ, ರಾಜನ ಪಕ್ಕ ಹೋಗಿ ನಿಂತರಲ್ಲಯ್ಯಾ. ಪ್ರಜಾಪ್ರಭುತ್ವದಲ್ಲಿ ಇದ್ದುಕೊಂಡು ರಾಜನ ಪಕ್ಕ ನಿಲ್ಲೋರಿಗಿಂತ ಸಂಪ್ರದಾಯಸ್ಥರು ಬೇಕಾ ನಿನಗೆ?"

ಜಂಬೂಸವಾರಿ ಮುಗಿದು ಬೀದಿಯಲ್ಲಿ ಜನ ವಾಪಸ್ಸು ಬರುತ್ತಿದ್ದರು. ದೀಪ ಹಚ್ಚುವ ಹೊತ್ತಾಯಿತು. ಚಂದ್ರಮತಿಯವರು ಕೆಂಪಾರತಿ ಕಲಸಿಟ್ಟು ನಡುಮನೆಯಿಂದ ಕೂಗಿದರು. "ವಸಿಷ್ಠ, ಬಾ. ರಾಜನ್ನ ಮಲಗಿಸೋ ಹೊತ್ತಾಯ್ತು."

"ಬಂದೆ ಅಕ್ಕ, ಒಂದೇ ನಿಮಿಷ."

ಕಾದರು. ಜಗಲಿಯಲ್ಲಿ ದನಿ ಏರಿತು, ಇಳಿಯಿತು, ಮತ್ತೆ ಏರಿತು. ಇನ್ನೊಮ್ಮೆ ಕೂಗಿದರು. ಈ ಸಲ ಉತ್ತರವೂ ಬರಲಿಲ್ಲ.

ಚಂದ್ರಮತಿಯವರು ಆರತಿ ಎತ್ತಿದರು. ಆಮೇಲೆ ಸ್ಟೂಲು ಹತ್ತಿ ಎರಡೂ ಕೈಯಿಂದ ರಾಜನನ್ನು ಎತ್ತಿಕೊಂಡರು. ಮದುವೆಯಾಗಿ ಬಂದಾಗಿನಿಂದ ಅದನ್ನು ಅವರು ಎತ್ತಿದ್ದೇ ಇಲ್ಲ. ಗಂಡಸಿನ ಗೊಂಬೆ, ಭಾರವಿರುತ್ತದೆ ಅಂದುಕೊಂಡಿದ್ದರು. ರಾಣಿಗಿಂತ ಹಗುರವಾಗಿತ್ತು. ಸದ್ದಾಗದಂತೆ ಮಲಗಿಸಿದರು, ಪಕ್ಕದಲ್ಲಿ ರಾಣಿಯನ್ನು ಮಲಗಿಸಿದರು, ಸ್ಟೂಲಿನ ಮೇಲೆ ನಿಂತುಕೊಂಡೇ ಅತ್ತರು. ಮೇಲಿನ ಮೆಟ್ಟಿಲಲ್ಲಿ ರುದ್ರಸ್ವಾಮಿ ಒಬ್ಬರೇ ಕೈ ಮುಗಿದು ನಿಂತಿದ್ದರು. ಅವರನ್ನು ಮಲಗಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಕಾಫಿ ಯಾಕೆ ಬರಲಿಲ್ಲ ಅಂತ ನೋಡಲು ವಸಿಷ್ಠ ಒಳಗೆ ಬಂದ. ಮೆಟ್ಟಿಲು ನೋಡಿದ. ಅವನ ಮುಖ ಒಮ್ಮೆಲೇ ಸಣ್ಣದಾಯಿತು.

"ನಾನು ಮಲಗಿಸಬೇಕಿತ್ತಲ್ಲ ಅಕ್ಕ."

"ಕರೆದೆ ಕಣೋ."

ಅಷ್ಟರಲ್ಲಿ ಜಗಲಿಯಿಂದ ಅಶ್ವತ್ಥರ ದನಿ ಬಂತು. "ಎಲ್ಲಿ ಹೋದೆಯಯ್ಯಾ? ಮಾತು ಅರ್ಧಕ್ಕೇ ನಿಂತಿದೆ, ಬಾ."

ವಸಿಷ್ಠ ಅಕ್ಕನ ಮುಖ ನೋಡಿದ, ಬಾಗಿಲ ಕಡೆ ನೋಡಿದ. ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡ.

"ಬಂದೆ ಭಾವ" ಅಂದ. ಹೋದ.

ಚಂದ್ರಮತಿಯವರು ಗೊಂಬೆಗಳ ಮೇಲೆ ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಹೊದಿಸಿದರು. ಮುಂದಿನ ವರ್ಷ ರಾಜ ರಾಣಿ ಇಬ್ಬರನ್ನೂ ತಾವೇ ಕೂರಿಸುವುದೆಂದು ಅವರು ಆಗಲೇ ತೀರ್ಮಾನಿಸಿಯಾಗಿತ್ತು.